ಮುಟ್ಟದೆ ತೆಗೆಯುವ ಚಿತ್ರ

ಎರಡು ಮೂರು ತಲೆಮಾರುಗಳಿಂದ ಮುಂಬಯಿಯಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಹಳೆಯದೊಂದು ಟ್ರಂಕು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಊರಿನಿಂದ ಬಂದ ಕಾಗದಗಳು, ಕೋಟೆ ಭಾಗದ ರಾತ್ರಿ ಶಾಲೆಯ ಗುಂಪುಚಿತ್ರ, ಮದುವೆಯ ಫೋಟೋ, ಜಾತಕ – ಹಿರಿಯರ ಬಾಳೆಲ್ಲ ಅದರೊಳಗೆ. ಆದರೆ ಇಲ್ಲಿಯ ಮಳೆಗಾಲದ ತೇವಕ್ಕೆ ಫೋಟೋಗಳಿಗೆ ಬೂಷ್ಟು ಹಿಡಿಯುತ್ತದೆ. ಚಾಳು ಕೆಡವಿ ಹೊಸ ಕಟ್ಟಡ ಏಳುವ ಗಡಿಬಿಡಿಯಲ್ಲಿ ಟ್ರಂಕೇ ಕಾಣೆಯಾಗುವುದೂ ಉಂಟು. ಆದುದರಿಂದ ಇವುಗಳ ಪ್ರತಿ ತೆಗೆದಿಡುವ ಒಂದು ಉಪಾಯವನ್ನು ಈ ಬಾರಿ ವಾಚಕರ ಮುಂದಿಡುತ್ತೇವೆ.

ಮನೆಯ ದೀಪದ ಬೆಳಕಿನಲ್ಲಿ ಕ್ಯಾಮರಾದ ಶಟರ್ ಕಾಲು ಸೆಕೆಂಡಿನಷ್ಟು ತೆರೆದಿರಬೇಕಾಗುತ್ತದೆ. ಆಗ ಗುಂಡಿ ಒತ್ತುವ ಬೆರಳಿನ ಅಲುಗಾಟವೇ ಅಕ್ಷರಗಳನ್ನು ಮಸುಕಾಗಿಸಲು ಸಾಕು. ಕ್ಯಾಮರಾವನ್ನು ಮುಟ್ಟದೆ, ಒಂದು ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಅಲ್ಲಿಂದಲೇ ಅದನ್ನು ನಡೆಸುವ ಸಾಫ್ಟ್‌ವೇರ್‌ಗಳಿವೆ. ಕ್ಯಾನನ್‌ನವರ ಇಒಎಸ್ ಯುಟಿಲಿಟಿ, ನಿಕಾನ್‌ನವರ ಎನ್‌ಎಕ್ಸ್ ಟೆದರ್, ಸೋನಿಯವರ ಇಮೇಜಿಂಗ್ ಎಡ್ಜ್ ಇಂಥವು. ವಿಂಡೋಸ್‌ಗೆ ಡಿಜಿಕ್ಯಾಮ್‌ಕಂಟ್ರೋಲ್, ಲಿನಕ್ಸ್‌ಗೆ ಜಿಫೋಟೋ ಎಂಬವು ಉಚಿತವಾಗಿ ಸಿಗುತ್ತವೆ. ತಮ್ಮ ಕ್ಯಾಮರಾದ ಹೆಸರು ಅವುಗಳ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ದೂರದಿಂದ ಕ್ಯಾಮರಾ ನಡೆಸುವುದು ಕನ್ನಡ ನಾಡಿಗೆ ಹೊಸದಲ್ಲ. 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ಮಂಗಳಯಾನದ ಕ್ಯಾಮರಾಕ್ಕೆ ಅಪ್ಪಣೆ ಹೋಗುತ್ತಿದ್ದುದು ಬೆಂಗಳೂರಿನಿಂದ, ಬ್ಯಾಲಾಳಿನ ದೊಡ್ಡ ಆಂಟೆನಾಗಳ ಮೂಲಕ. ಮಾತು ಅಲ್ಲಿಗೆ ಮುಟ್ಟಲು ಎಷ್ಟೋ ನಿಮಿಷ ಬೇಕಾಗುತ್ತಿತ್ತು. ನಮ್ಮ ಮೇಜಿನ ಮೇಲೆ ಅದು ಕ್ಷಣದ ಕೆಲಸ.

ಮಾಡಬೇಕಾದುದಿಷ್ಟು. ಕ್ಯಾಮರಾವನ್ನು ಸ್ಟ್ಯಾಂಡಿಗೆ ಬಿಗಿದು ಕೆಳಮುಖವಾಗಿ ನಿಲ್ಲಿಸಿರಿ. ಎಡಬಲಗಳಲ್ಲಿ ಒಂದೇ ಬಗೆಯ ಎರಡು ದೀಪಗಳನ್ನು ಓರೆಯಾಗಿಡಿರಿ, ಫ್ಲ್ಯಾಶ್ ಬೇಡ. ಕಂಪ್ಯೂಟರಿನಲ್ಲಿ ಐಎಸ್ಒ 100, ಅಪರ್ಚರ್ ಎಫ್8 ಎಂದು ಗೊತ್ತುಮಾಡಿ, ಬೆಳಕು ಸರಿಹೋಗುವವರೆಗೆ ಶಟರಿನ ವೇಗವನ್ನು ಬದಲಿಸಿರಿ. ಬಿಳಿಯ ಹಾಳೆಯೊಂದನ್ನಿಟ್ಟು ಬಣ್ಣದ ಹದವನ್ನು ಒಮ್ಮೆ ನಿಶ್ಚಯಿಸಿರಿ. ಪರದೆಯಲ್ಲಿ ಅಕ್ಷರವನ್ನು ಹಿಗ್ಗಿಸಿ ಫೋಕಸ್ ನೋಡಿ, ಅಲ್ಲಿಂದಲೇ ಗುಂಡಿ ಒತ್ತಿರಿ. ಆ ಬಳಿಕ ಕಾಗದ ಬದಲಿಸುವುದಷ್ಟೇ ಕೆಲಸ. ಚಿತ್ರಗಳು ನೇರವಾಗಿ ಕಂಪ್ಯೂಟರಿಗೆ ಬಂದು ಸೇರುತ್ತವೆ.

ಆದರೆ ಈ ವಿಧಾನದ ನಿಜವಾದ ಲಾಭ ಬೇರೆಯೇ ಇದೆ. ಅಂಗೈಯಗಲದ ಫೋಟೋದಲ್ಲಿ ಮುಖ ಗುರುತಿಸಲಾರದ ಅಜ್ಜಿಗೆ, ದೊಡ್ಡ ಪರದೆಯ ಮೇಲೆ ಅದೇ ಮುಖ ಸ್ಪಷ್ಟವಾಗಿ ಕಾಣುತ್ತದೆ. “ಇವನು ನಿನ್ನ ದೊಡ್ಡಜ್ಜನ ತಮ್ಮ” ಎಂದು ಅವರು ಹೇಳಿದೊಡನೆ ಹೆಸರು, ಊರು, ಸಂಬಂಧಗಳನ್ನು ಆ ಚಿತ್ರದ ಹೆಸರಾಗಿಯೇ ಬರೆದಿಡಬಹುದು. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೆ ಕಾಗದವನ್ನು ಓದಿ ಹೇಳಿಸಲೂ ಇದೇ ಸಮಯ. ಚಿತ್ರವನ್ನು ನಾಳೆಯೂ ತೆಗೆಯಬಹುದು. ಹೆಸರು ಬಲ್ಲವರು ನಾಳೆ ಇರುವರೆಂಬ ಭರವಸೆ ಯಾರಿಗಿದೆ?

ಬರುವ ಮಳೆಗಾಲಕ್ಕೆ ಮುನ್ನ ಒಂದು ಭಾನುವಾರ ಮನೆಯ ಹಿರಿಯರನ್ನೂ ಕಿರಿಯರನ್ನೂ ಒಂದೇ ಮೇಜಿಗೆ ಕೂರಿಸಿ, ಆ ಟ್ರಂಕನ್ನು ತೆರೆಯಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ.