ಬೆಟ್ಟದ ಕಾಲುದಾರಿ ಯಾರದು?

ವಾರದಲ್ಲಿ ಆರು ದಿನ ಯಂತ್ರದ ಮುಂದೆ ನಿಂತು, ಹತ್ತಿಯ ಧೂಳನ್ನು ಉಸಿರಾಡುತ್ತ ದುಡಿಯುವವನಿಗೆ ಏಳನೆಯ ದಿನ ಏನು ಬೇಕು? ಕೂಲಿ ಬೇಕು, ಅನ್ನ ಬೇಕು, ಇರಲು ಮನೆ ಬೇಕು ಎಂಬುದನ್ನು ಎಲ್ಲರೂ ಬಲ್ಲರು. ಅವನಿಗೆ ಒಳ್ಳೆಯ ಗಾಳಿಯೂ ಬೇಕು, ಆ ಗಾಳಿ ಇರುವಲ್ಲಿಗೆ ನಡೆದುಹೋಗಲು ಒಂದು ದಾರಿಯೂ ಬೇಕು ಎಂದರೆ ಮಾತ್ರ ನಗುವವರಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ಕೇಳುತ್ತಾರೆ. ಹಾಗೆ ಕೇಳುವವರಿಗೆ ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯ ಕಥೆಯನ್ನು ಹೇಳಬೇಕಾಗಿದೆ.

ಆ ಹಳ್ಳಿಯ ಹೆಸರು ಈಡೇಲ್. ಡರ್ಬಿಶೈರ್ ಪ್ರಾಂತದಲ್ಲಿ, ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಎಂಬ ಎರಡು ದೊಡ್ಡ ಕೈಗಾರಿಕಾ ಪಟ್ಟಣಗಳ ನಡುವೆ, ಬೆಟ್ಟಗಳ ಮಡಿಲಲ್ಲಿ ಅದಿದೆ. ಒಂದು ಪಟ್ಟಣ ನೂಲಿನದು, ಇನ್ನೊಂದು ಉಕ್ಕಿನದು. ಮ್ಯಾಂಚೆಸ್ಟರಿಗೂ ನಮಗೂ ಹಳೆಯ ಸಂಬಂಧವಿದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ, ಲ್ಯಾಂಕಶೈರಿನ ಗಿರಣಿಗಳು ಕಣ್ಣಿಟ್ಟ ಸೀಮೆಗಳಲ್ಲಿ ನಮ್ಮ ಧಾರವಾಡವೂ ಒಂದು. ನಮ್ಮ ರೈತ ಬೆಳೆದ ಹತ್ತಿಯನ್ನು ಅಲ್ಲಿಯ ಕೂಲಿಕಾರ ನೂತ. ಇಬ್ಬರ ಬೆವರಿನಿಂದಲೂ ಬೆಳೆದವನು ನಡುವಿನ ಧಣಿ.

ಈಡೇಲಿನ ಸುತ್ತ ಇಂದು ಎಲ್ಲ ತರಹದ ಕಾಲುಗಳಿಗೂ ದಾರಿಯಿದೆ. ಕಣಿವೆಯ ತಳದಲ್ಲಿ ಹೊಲಗಳ ನಡುವೆ ಹಾದುಹೋಗುವ ಸುಲಭದ ದಾರಿಯಲ್ಲಿ ಮುದುಕರೂ ಮಕ್ಕಳೂ ನಡೆಯಬಹುದು. ಸ್ವಲ್ಪ ದಮ್ಮಿದ್ದವರು 517 ಮೀಟರ್ ಎತ್ತರದ ಮ್ಯಾಮ್ ಟಾರ್ ಗುಡ್ಡವನ್ನು ಹತ್ತಬಹುದು. ಅದರ ನೆತ್ತಿಗೆ ಕಲ್ಲು ಹಾಸಿದ ದಾರಿಯಿದೆ. ಗಟ್ಟಿ ಕಾಲಿನವರು ಕಲ್ಲುಬಂಡೆಗಳ ಹಳ್ಳದ ಗುಂಟ ಏರಿ, 636 ಮೀಟರಿನ ಕಿಂಡರ್ ಸ್ಕೌಟ್ ಎಂಬ ಬೆಟ್ಟಬಯಲನ್ನು ಮುಟ್ಟುತ್ತಾರೆ. ಅಲ್ಲಿ ಕೊಳೆತ ಹುಲ್ಲುಪಾಚಿಯ ಕಪ್ಪು ಜವುಗು ನೆಲ. ಮಂಜು ಮುಸುಕಿದರೆ ದಿಕ್ಕು ತಪ್ಪುತ್ತದೆ. ನಕ್ಷೆ, ದಿಕ್ಸೂಚಿಗಳನ್ನು ಓದಬಲ್ಲವರಿಗೆ ಮಾತ್ರ ಆ ನೆಲ ತಕ್ಕದ್ದು. ಇನ್ನೂ ಹೆಚ್ಚಿನ ಹಟವುಳ್ಳವರು ಈಡೇಲಿನಿಂದಲೇ ಹೊರಟು 431 ಕಿಲೋಮೀಟರ್ ದೂರದ ಪೆನೈನ್ ದಾರಿಯನ್ನು ಹಿಡಿದು ಸ್ಕಾಟ್ಲೆಂಡಿನ ಗಡಿಯವರೆಗೆ ನಡೆಯುತ್ತಾರೆ. ಟಿಕೆಟಿಲ್ಲ, ಪರವಾನಗಿಯಿಲ್ಲ. 1894ರಿಂದ ಊರಿನಲ್ಲಿ ರೈಲು ನಿಲ್ದಾಣವಿರುವುದರಿಂದ ಸ್ವಂತ ವಾಹನವಿಲ್ಲದವನೂ ಬೆಳಿಗ್ಗೆ ಬಂದು ಸಂಜೆ ಮನೆ ಸೇರಬಹುದು.

ಈ ದಾರಿಗಳನ್ನು ಯಾರೋ ದೊಡ್ಡ ಮನುಷ್ಯರು ವಿಹಾರಕ್ಕೆಂದು ಮಾಡಿಸಿದರೆಂದು ತಿಳಿಯಬಾರದು. ಈಡೇಲಿನಲ್ಲಿ 18ನೆಯ ಶತಮಾನದ ಕೊನೆಯ ವೇಳೆಗೆ ಒಂದು ಹತ್ತಿಗಿರಣಿ ಎದ್ದಿತ್ತು. ಗುಡ್ಡದ ಆಚೆಯ ಕ್ಯಾಸಲ್ಟನ್ ಊರಿನ ಹೆಣ್ಣುಮಕ್ಕಳು ಹಾಲಿನ್ಸ್ ಕ್ರಾಸ್ ಎಂಬ ಕಣಿವೆಬಾಯಿಯನ್ನು ದಾಟಿ ಕೆಲಸಕ್ಕೆ ಬರುತ್ತಿದ್ದರು, ದುಡಿದು ದಣಿದು ಅದನ್ನೇ ದಾಟಿ ಹಿಂದಿರುಗುತ್ತಿದ್ದರು. ಈಡೇಲಿಗೆ ಸ್ವಂತ ಚರ್ಚು ಇಲ್ಲದಿದ್ದ ಕಾಲದಲ್ಲಿ ಹೆಣಗಳನ್ನು ಹೊತ್ತು ಸಾಗಿಸಿದ್ದೂ ಅದೇ ದಾರಿಯಲ್ಲಿ. ಇಂದು ಜನ ಸಂತೋಷಕ್ಕಾಗಿ ನಡೆಯುವ ಹಾದಿಯನ್ನು ಹೀಗೆ ಸವೆಸಿದ್ದು ಕೂಲಿಯ ಕಾಲು, ಹೆಣ ಹೊತ್ತವರ ಕಾಲು.

ಆದರೆ ಬೆಟ್ಟದ ಮೇಲುಭಾಗ ಬಹುಕಾಲ ಬಡವನಿಗೆ ಮುಚ್ಚಿತ್ತು. ನಮ್ಮ ಗೋಮಾಳಗಳಂತೆ ಅಲ್ಲಿಯೂ ಊರಿನ ಸಾಮಾನ್ಯ ನೆಲವಿತ್ತು. ಕಾಯಿದೆಗಳ ಬಲದಿಂದ 19ನೆಯ ಶತಮಾನದಲ್ಲಿ ಅದು ಸುತ್ತಣ ಜಮೀನುದಾರರ ವಶವಾಯಿತು. ಅವರು ಅದನ್ನು ಉಳಲಿಲ್ಲ, ಬಿತ್ತಲಿಲ್ಲ. ಗ್ರೌಸ್ ಎಂಬ ಕಾಡುಹಕ್ಕಿಯನ್ನು ಅಲ್ಲಿ ಬೆಳೆಸಿ, ವರ್ಷದಲ್ಲಿ ಕೆಲವು ದಿನ ಬಂದೂಕು ಹಿಡಿದು ಬಂದು ಹೊಡೆಯುತ್ತಿದ್ದರು. ಆ ಕೆಲವು ದಿನಗಳ ಬೇಟೆಗಾಗಿ ವರ್ಷವಿಡೀ ಕಾವಲುಗಾರರನ್ನು ನಿಲ್ಲಿಸಿ, ಪಟ್ಟಣದ ಹೊಗೆಯಿಂದ ಓಡಿಬಂದ ಕಾರ್ಮಿಕನನ್ನು ಹೊರಗಟ್ಟಿದರು. ಹಕ್ಕಿಗಿದ್ದ ಹಕ್ಕು ಮನುಷ್ಯನಿಗಿರಲಿಲ್ಲ!

ಜನ ಸುಮ್ಮನಿರಲಿಲ್ಲ. 1896ರಲ್ಲಿ ನೂಲಿನ ಪಟ್ಟಣವಾದ ಬೋಲ್ಟನ್ನಿನಲ್ಲಿ, ಬಟ್ಟೆ ಬಿಳುಪು ಮಾಡುವ ಕಾರ್ಖಾನೆಯ ಧಣಿಯೊಬ್ಬ ವಿಂಟರ್ ಹಿಲ್ ಗುಡ್ಡದ ದಾರಿಗೆ ಅಗಳಿ ಹಾಕಿದಾಗ ಸುಮಾರು 10,000 ಜನ ಮೆರವಣಿಗೆ ಹೊರಟು ಅದನ್ನು ದಾಟಿದರು. ನ್ಯಾಯಾಲಯ ಧಣಿಯ ಪರವಾಗಿಯೇ ತೀರ್ಪು ಕೊಟ್ಟಿತು. ಆ ದಾರಿ ಕಾನೂನಿನ ಪ್ರಕಾರ ಸಾರ್ವಜನಿಕವಾದದ್ದು 1996ರಲ್ಲಿ, ಸರಿಯಾಗಿ ನೂರು ವರ್ಷಗಳ ಮೇಲೆ. 1900ರಲ್ಲಿ ಶೆಫೀಲ್ಡಿನ ಜಿ. ಎಚ್. ಬಿ. ವಾರ್ಡ್ ಎಂಬುವರು ‘ಕ್ಲೇರಿಯನ್’ ಎಂಬ ಸಮಾಜವಾದಿ ವಾರಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕಿಂಡರ್ ಸ್ಕೌಟನ್ನು ಸುತ್ತಿಬರಲು ಜೊತೆಗಾರರನ್ನು ಕರೆದರು. ದುಡಿಯುವವರದೇ ಆದ ನಡಿಗೆಯ ಸಂಘ ಹುಟ್ಟಿದ್ದು ಹಾಗೆ.

1932ರ ಏಪ್ರಿಲ್ 24, ಭಾನುವಾರ. ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತು ವರ್ಷದ ತರುಣನ ಮುಂದಾಳುತನದಲ್ಲಿ ಸುಮಾರು 400 ಮಂದಿ ಹೇಫೀಲ್ಡ್ ಕಡೆಯಿಂದ ಕಿಂಡರ್ ಬೆಟ್ಟವನ್ನು ಬಹಿರಂಗವಾಗಿ ಹತ್ತಿದರು. ಶೆಫೀಲ್ಡಿನ ಇನ್ನೊಂದು ತಂಡ ಈಡೇಲಿನಿಂದ ಹೊರಟು ಬೆಟ್ಟದ ಮೇಲೆ ಅವರನ್ನು ಕೂಡಿಕೊಂಡಿತು. ಕಾವಲುಗಾರರೊಡನೆ ತಳ್ಳಾಟವಾಗಿ ಒಬ್ಬ ಕಾವಲುಗಾರನಿಗೆ ಪೆಟ್ಟಾಯಿತು. ಆರು ಮಂದಿಯ ದಸ್ತಗಿರಿಯಾಯಿತು. ಇನ್ನೊಬ್ಬನ ನೆಲದ ಮೇಲೆ ನಡೆಯುವುದು ಆ ದೇಶದಲ್ಲಿ ಜೈಲಿಗೆ ಹಾಕುವ ಅಪರಾಧವಾಗಿರಲಿಲ್ಲ. ಆದುದರಿಂದ ದೊಂಬಿಯ ಆರೋಪ ಹೊರಿಸಲಾಯಿತು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಶಿಕ್ಷೆಯಾಯಿತು. ರಾಥ್‌ಮನ್ನನಿಗೆ ನಾಲ್ಕು ತಿಂಗಳು. ಬೇಟೆಯ ಬಯಲಿನಲ್ಲಿ ನಡೆದುದಕ್ಕೆ ಈ ಬೆಲೆ. ಕೆಲವೇ ವಾರಗಳಲ್ಲಿ ಕ್ಯಾಸಲ್ಟನ್ ಬಳಿಯ ವಿನ್ನಟ್ಸ್ ಕಣಿವೆಯಲ್ಲಿ ಸುಮಾರು 10,000 ಜನರ ಸಭೆ ಸೇರಿತು. ಜೈಲು ಯಾರನ್ನು ಹೆದರಿಸಬೇಕೆಂದಿತ್ತೋ ಅವರು ಹೆದರಲಿಲ್ಲ.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ನಡಿಗೆಗಾರರ ಹಳೆಯ ಸಂಘಗಳಲ್ಲಿ ಅನೇಕರಿಗೆ ಈ ಮುತ್ತಿಗೆ ಒಪ್ಪಿಗೆಯಾಗಿರಲಿಲ್ಲ. ಮಾತುಕತೆ ಕೆಡುತ್ತದೆಂದು ಅವರು ಅಂಜಿದರು. ಮುತ್ತಿಗೆಯೊಂದರಿಂದಲೇ ದಾರಿ ತೆರೆಯಿತೆಂದು ಹೇಳುವುದೂ ಸರಿಯಲ್ಲ. ಜೈಲಿಗೆ ಹೋದವರು ಪ್ರಶ್ನೆಯನ್ನು ದೇಶದ ಮುಂದಿಟ್ಟರು. ಅರ್ಜಿ ಬರೆದವರು, ನಕ್ಷೆ ತಯಾರಿಸಿದವರು, ಪಾರ್ಲಿಮೆಂಟಿನಲ್ಲಿ ವಾದಿಸಿದವರು ಅದನ್ನು ಕಾಯಿದೆಯವರೆಗೆ ಒಯ್ದರು. ಎರಡು ಕೈ ಸೇರಿದರೇ ಚಪ್ಪಾಳೆ.

ಆ ಎರಡನೆಯ ಕೈ ಎಂಥದೆಂಬುದಕ್ಕೆ ಟಾಮ್ ಸ್ಟೀಫನ್‌ಸನ್ ಸಾಕ್ಷಿ. ಹದಿಮೂರನೆಯ ವಯಸ್ಸಿಗೇ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆ ಸೇರಿ ವಾರಕ್ಕೆ 66 ಗಂಟೆ ದುಡಿದವರು ಅವರು. ಮುಂದೆ ಪತ್ರಿಕೋದ್ಯೋಗಿಯಾಗಿ, 1935ರಲ್ಲಿ ‘ಡೈಲಿ ಹೆರಾಲ್ಡ್’ ಪತ್ರಿಕೆಯಲ್ಲಿ, ಬೆಟ್ಟಸಾಲಿನ ಬೆನ್ನೆಲುಬಿನ ಮೇಲೆ ಜನರಿಗೊಂದು ಉದ್ದನೆಯ ದಾರಿ ಬೇಕೆಂದು ಬರೆದರು. 1938ರಲ್ಲಿ ಸಂಬಳಸಹಿತ ರಜೆಯ ಕಾಯಿದೆ ಬಂದಿತು. ರಜೆಯಿಲ್ಲದವನಿಗೆ ದಾರಿ ಇದ್ದು ಫಲವಿಲ್ಲ, ದಾರಿಯಿಲ್ಲದವನಿಗೆ ರಜೆ ಇದ್ದು ಫಲವಿಲ್ಲ. ಯುದ್ಧ ಮುಗಿದು ಕಾರ್ಮಿಕ ಪಕ್ಷದ ಸರಕಾರ ಬಂದ ಮೇಲೆ, 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆಯಾಯಿತು. ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ಅಳೆದು ನಕ್ಷೆಯಲ್ಲಿ ಬರೆಯುವ ಹೊಣೆ ಕೌಂಟಿ ಆಡಳಿತಗಳ ಮೇಲೆ ಬಿದ್ದಿತು. 1951ರಲ್ಲಿ ಈಡೇಲ್ ಇರುವ ಪೀಕ್ ಸೀಮೆಯೇ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಪೆನೈನ್ ದಾರಿ ತೆರೆದದ್ದು 1965ರ ಏಪ್ರಿಲ್ 24ರಂದು. ಸ್ಟೀಫನ್‌ಸನ್ ಬರೆದು ಮೂವತ್ತು ವರ್ಷಗಳಾಗಿದ್ದವು, ಕಿಂಡರ್ ಮುತ್ತಿಗೆಗೆ ಅಂದೇ ಮೂವತ್ತಮೂರು ವರ್ಷ ತುಂಬಿತ್ತು. ದಾರಿಯನ್ನು ಬಿಟ್ಟು ತೆರೆದ ಬೆಟ್ಟದ ಮೇಲೂ ಓಡಾಡುವ ಹಕ್ಕು ಕಾಯಿದೆಯಾಗಲು 2000ನೆಯ ಇಸವಿಯವರೆಗೆ ಕಾಯಬೇಕಾಯಿತು. 2002ರಲ್ಲಿ, ಮುತ್ತಿಗೆಯ ಎಪ್ಪತ್ತನೆಯ ವರ್ಷದ ಸಭೆಗೆ ಡೆವನ್‌ಶೈರಿನ ಡ್ಯೂಕ್ ತಾನೇ ಬಂದು, ತನ್ನ ಅಜ್ಜ ಮಾಡಿದ್ದು ತಪ್ಪೆಂದು ಕ್ಷಮೆ ಕೇಳಿದ. ರಾಥ್‌ಮನ್ ಆ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದ. ನ್ಯಾಯ ಬಂದಿತು, ಆದರೆ ತಡವಾಗಿ ಬಂದಿತು.

ಹಕ್ಕು ಸಿಕ್ಕಿತೆಂದರೆ ಕೆಲಸ ಮುಗಿಯಿತೇ? ಇಲ್ಲ. ಜನ ಹೆಚ್ಚಾದಂತೆ ಕಿಂಡರಿನ ಮೆತ್ತನೆಯ ನೆಲ ಕಾಲ್ತುಳಿತಕ್ಕೆ ಸಿಕ್ಕಿ ಕೊಚ್ಚಿಹೋಯಿತು. ಪೆನೈನ್ ದಾರಿಯ ಮೊದಲ ಏರನ್ನೇ ಬದಲಿಸಿ ಬೇರೆ ಕಡೆಯಿಂದ ಒಯ್ಯಬೇಕಾಯಿತು. 2018ರ ಬೇಸಗೆಯಲ್ಲಿ ಸ್ಯಾಡಲ್‌ವರ್ತ್ ಬಯಲಿಗೆ ಬೆಂಕಿ ಬಿದ್ದಾಗ ನಂದಿಸಲು ಸೈನ್ಯವೇ ಬರಬೇಕಾಯಿತು. ಬೆಂಕಿ ಹಾಕದಿರುವುದು, ಕುರಿಗಳ ನಡುವೆ ನಾಯಿಯನ್ನು ಬಿಡದಿರುವುದು, ತಂದ ಕಸವನ್ನು ತಾನೇ ಒಯ್ಯುವುದು, ಇವು ಯಾವ ಜಮೀನುದಾರನಿಗೂ ಸಲ್ಲಿಸುವ ಕಪ್ಪಕಾಣಿಕೆಯಲ್ಲ. ನಾಳೆ ಅದೇ ದಾರಿಯಲ್ಲಿ ಬರುವ ಇನ್ನೊಬ್ಬ ಕೂಲಿಕಾರನಿಗೆ ನಾವು ಸಲ್ಲಿಸಬೇಕಾದ ಋಣ. ಜವುಗು ನೆಲದ ಮೇಲೆ ಈಗ ಚಪ್ಪಡಿಗಳನ್ನು ಹಾಸಿದ್ದಾರೆ. ಅವುಗಳಲ್ಲಿ ಎಷ್ಟೋ ಚಪ್ಪಡಿಗಳು ಮುಚ್ಚಿ ಕೆಡವಿದ ಹಳೆಯ ಹತ್ತಿಗಿರಣಿಗಳ ನೆಲದಿಂದ ಕಿತ್ತು ತಂದವು. ಅಜ್ಜ ಅಜ್ಜಿಯರು ಮಗ್ಗದ ಮುಂದೆ ನಿಂತು ಸವೆಸಿದ ಕಲ್ಲಿನ ಮೇಲೆ ಮೊಮ್ಮಕ್ಕಳು ಬೆಟ್ಟದ ಗಾಳಿಯಲ್ಲಿ ನಡೆಯುತ್ತಿದ್ದಾರೆ!

ವ್ಯಾಪಾರಿ ಮಿತ್ರರಿಗೂ ಇಲ್ಲೊಂದು ಪಾಠವಿದೆ. ಬೇಟೆಗೆ ಬರುತ್ತಿದ್ದ ನಾಲ್ಕು ಜನ ಶ್ರೀಮಂತರಿಂದ ಊರಿನ ಚಹಾದಂಗಡಿ ಬದುಕುವುದಿಲ್ಲ. ರೈಲಿನಿಂದಿಳಿಯುವ ಸಾಮಾನ್ಯರಿಂದ ಅದು ಬದುಕುತ್ತದೆ. ಒಬ್ಬೊಬ್ಬರೂ ಖರ್ಚು ಮಾಡುವುದು ಸ್ವಲ್ಪವೇ. ಆದರೆ ಹನಿಹನಿಗೂಡಿದರೆ ಹಳ್ಳ. ದಾರಿಗೆ ಬೇಲಿ ಹಾಕಿದರೆ ಮೊದಲು ಒಣಗುವುದು ಚಿಲ್ಲರೆ ಅಂಗಡಿಯ ಗಲ್ಲೆ.

ಇದರಿಂದ ನಾವು ತಿಳಿಯಬೇಕಾದದ್ದು ಮೂರು. ಮೊದಲನೆಯದು, ಬರೆದಿಡದ ದಾರಿ ಉಳಿಯುವುದಿಲ್ಲ. ಇಂಗ್ಲೆಂಡಿನ ಜನ ಮುತ್ತಿಗೆಯಷ್ಟೇ ಶ್ರದ್ಧೆಯಿಂದ ನಕ್ಷೆಗಾಗಿಯೂ ಹೋರಾಡಿದರು. ನಮ್ಮಲ್ಲಿಯೂ ಗ್ರಾಮನಕ್ಷೆಗಳಲ್ಲಿ ಕಾಲುದಾರಿ, ಬಂಡಿದಾರಿಗಳ ಗುರುತು ಇರುತ್ತದೆ. ಕೆರೆಗೆ, ಗುಡ್ಡಕ್ಕೆ, ಗುಡಿಗೆ ಹೋಗುವ ದಾರಿಗೆ ಯಾವನೋ ಬೇಲಿ ಎಳೆಯುವ ಮೊದಲೇ ಆ ನಕ್ಷೆಯನ್ನು ತೆಗೆಸಿ ನೋಡುವುದು ಜಾಣತನ. ಎರಡನೆಯದು, ದಾರಿ ಎಲ್ಲ ಕಾಲಿಗೂ ಇರಬೇಕು. ಗಟ್ಟಿಗರಿಗೆ ಶಿಖರವೊಂದನ್ನು ತೋರಿಸಿದರೆ ಸಾಲದು. ಬೆನ್ನು ಬಾಗಿದ ಹಳೆಯ ಕೆಲಸಗಾರನಿಗೂ, ಬಗಲಲ್ಲಿ ಕೂಸನ್ನು ಎತ್ತಿಕೊಂಡ ತಾಯಿಗೂ ಕಣಿವೆಯ ಸುಲಭದ ಹಾದಿ ಮೊದಲು ಸಿದ್ಧವಾಗಬೇಕು. ಮೂರನೆಯದು, ತೆರೆದ ದಾರಿಯನ್ನು ತೆರೆದಿಡುವುದು ದಿನದಿನದ ಕೆಲಸ. ಅದಕ್ಕೆ ಸರಕಾರದ ಹಣವೂ ಬೇಕು, ಜನರ ಎಚ್ಚರವೂ ಬೇಕು.

ಗಾಳಿಗೂ ಬೆಟ್ಟಕ್ಕೂ ಒಡೆಯನಿದ್ದಾನೆಂದು ಒಪ್ಪಿಕೊಂಡವನು ನಾಳೆ ತನ್ನ ಬಿಡುವಿಗೂ ಒಡೆಯನಿದ್ದಾನೆಂದು ಒಪ್ಪಿಕೊಳ್ಳುತ್ತಾನೆ. ಕಿಂಡರ್ ಬೆಟ್ಟವನ್ನು ಹತ್ತಿದ ತರುಣರು ಅದನ್ನು ಒಪ್ಪಲಿಲ್ಲ. ಆ ತರುಣರ ಹೆಸರನ್ನೇ ಕೇಳದವರು ಇಂದು ಈಡೇಲಿನಲ್ಲಿ ರೈಲಿಳಿದು, ಯಾರ ಅಪ್ಪಣೆಯನ್ನೂ ಬೇಡದೆ, ತಮ್ಮ ತಮ್ಮ ಶಕ್ತಿಗೆ ತಕ್ಕ ದಾರಿ ಹಿಡಿದು ನಡೆಯುತ್ತಿದ್ದಾರೆ.