ತಾಳಿಕೋಟೆಯ ‘ಒಂದು ವೇಳೆ’ ಮತ್ತು ಹೇಗ್ ನಗರದ ಕಡತಗಳು

ನೆದರ್‌ಲ್ಯಾಂಡ್ಸಿನಲ್ಲಿ ನೆಲೆಸಿದ ಕನ್ನಡಿಗರ ಮಾತು ಇತಿಹಾಸದತ್ತ ಹೊರಳಿದಾಗ, ವಾಟ್ಸಾಪ್ ಗುಂಪಿನಲ್ಲಾಗಲಿ ಹಬ್ಬದ ಊಟದ ನಡುವೆಯಾಗಲಿ, ಒಂದು ಪ್ರಶ್ನೆ ಎದುರಾಗುತ್ತಲೇ ಇರುತ್ತದೆ: 1565ರಲ್ಲಿ ತಾಳಿಕೋಟೆಯಲ್ಲಿ ರಾಮರಾಯ ಗೆದ್ದಿದ್ದರೆ? ಕೇಳುವವರ ಬಳಿ ಉತ್ತರವೂ ಸಿದ್ಧವಾಗಿರುತ್ತದೆ. ಹಂಪಿ ಹಾಳಾಗುತ್ತಿರಲಿಲ್ಲ, ಯುರೋಪಿನವರು ಕಾಲೂರುತ್ತಿರಲಿಲ್ಲ, ದಕ್ಷಿಣವು ಅಖಂಡ ಮಹಾಶಕ್ತಿಯಾಗಿ ಉಳಿಯುತ್ತಿತ್ತು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ, ಸಾಕ್ಷಾತ್ ಕೃಷ್ಣದೇವರಾಯನ ಕಾಲದಲ್ಲಿ ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಈ ಕಲ್ಪಿತ ಚರಿತ್ರೆಯಲ್ಲಿ ಶತ್ರು ಒಬ್ಬನೇ, ಅವನ ಧರ್ಮವೂ ನಿಶ್ಚಿತ.

ದಾಖಲೆಗಳು ಹೇಳುವುದು ಬೇರೆ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಪಟ್ಟಕ್ಕೆ ಬರುವ ಮುನ್ನ ವರ್ಷಗಟ್ಟಲೆ ಆಶ್ರಯ ಪಡೆದದ್ದು ವಿಜಯನಗರದಲ್ಲಿ. ಬಿಜಾಪುರದ ಅಲಿ ಆದಿಲ್ ಶಾಹನೊಡನೆ ಕೈಜೋಡಿಸಿ ಅಹಮದ್‌ನಗರದ ಮೇಲೆ ದಂಡೆತ್ತಿಹೋದವನು ಇದೇ ರಾಮರಾಯ. ಮೇಲಾಗಿ, ತಾಳಿಕೋಟೆಯ ಸೋಲಿನಿಂದ ಸಾಮ್ರಾಜ್ಯ ಸಾಯಲಿಲ್ಲ. ಪೆನುಕೊಂಡೆಗೆ, ಬಳಿಕ ಚಂದ್ರಗಿರಿಗೆ ಸರಿದ ರಾಜ್ಯವು 1586ರಿಂದ 1614ರವರೆಗೆ ಆಳಿದ ವೆಂಕಟಪತಿರಾಯನ ಕಾಲದಲ್ಲಿ ಮತ್ತೆ ಚೇತರಿಸಿಕೊಂಡಿತು. ಬಿರುಕುಗಳು ಇರಲಿಲ್ಲವೆಂದಲ್ಲ: 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಕಸಿದುಕೊಂಡದ್ದು ವಿಜಯನಗರದ ರಾಜಪ್ರತಿನಿಧಿಯಿಂದಲೇ.

ಆದರೆ ಬೆನ್ನೆಲುಬು ಮುರಿದದ್ದು ಅಂತರ್ಯುದ್ಧದಿಂದ. ವೆಂಕಟಪತಿರಾಯ ತೀರಿಕೊಂಡೊಡನೆ ಅವನ ರಾಣಿಯ ಸೋದರ ಗೊಬ್ಬೂರಿ ಜಗ್ಗರಾಯನು, ಉತ್ತರಾಧಿಕಾರಿ ಶ್ರೀರಂಗನನ್ನು ಸೆರೆಯಲ್ಲಿಟ್ಟು ಹೆಂಡತಿ ಮಕ್ಕಳ ಸಹಿತ ಕೊಲ್ಲಿಸಿದನು. ಯಾಚಮನಾಯಕನು ಅಗಸನೊಬ್ಬನ ನೆರವಿನಿಂದ ಮೊದಲೇ ಹೊರಸಾಗಿಸಿದ್ದ ಬಾಲಕ ರಾಮದೇವನೊಬ್ಬನೇ ಉಳಿದನು. ಬಟ್ಟೆಗಂಟಿನಲ್ಲಿ ಪಾರಾದ ಈ ಸಿಂಹಾಸನದ ಕಥೆಯ ಬಗ್ಗೆ ಯಾರೂ ‘ಒಂದು ವೇಳೆ’ ಎನ್ನುವುದಿಲ್ಲ. 1616-17ರಲ್ಲಿ ಕಾವೇರಿಯ ಬಳಿಯ ತೋಪೂರಿನಲ್ಲಿ ತಂಜಾವೂರು ಒಂದು ಪಕ್ಷದಲ್ಲಿ, ಮಧುರೆ ಮತ್ತು ಸೆಂಜಿ ಇನ್ನೊಂದು ಪಕ್ಷದಲ್ಲಿ ನಿಂತು ಕಾದಿದವು. ಅಲ್ಲಿ ದೂರಲು ಸುಲ್ತಾನನಿರಲಿಲ್ಲ. ಆದ್ದರಿಂದಲೇ ತೋಪೂರು ಮರೆತುಹೋಗಿದೆ.

ಈ ಒಳಜಗಳಕ್ಕೆ ಸಮೀಪದ ಸಾಕ್ಷಿಯಾಗಿದ್ದವರು ಡಚ್ಚರು. 1610ರಲ್ಲಿ ವೆಂಕಟಪತಿರಾಯನ ಅನುಮತಿಯಿಂದಲೇ ಪುಲಿಕಾಟಿಗೆ ಬಂದ ಡಚ್ ಈಸ್ಟ್ ಇಂಡಿಯಾ ಕಂಪನಿ 1613ರ ವೇಳೆಗೆ ಅಲ್ಲಿ ಗೆಲ್ಡ್ರಿಯಾ ಕೋಟೆಯನ್ನು ಕಟ್ಟಿ ಮುಗಿಸಿತ್ತು. ಕೋರಮಂಡಲದ ಬಟ್ಟೆಯನ್ನು ಕೊಟ್ಟು ಪೂರ್ವದ್ವೀಪಗಳ ಲವಂಗ ಜಾಯಿಕಾಯಿ ಕೊಳ್ಳುವುದು ಅದರ ವ್ಯಾಪಾರ. ಇನ್ನೊಂದು ಸರಕೂ ಇತ್ತು. 1645ರಲ್ಲಿ ನಾಯಕರು ತಮ್ಮ ದೊರೆ ಮೂರನೆಯ ಶ್ರೀರಂಗನ ವಿರುದ್ಧ ದಂಗೆಯೆದ್ದರು, ಬಿಜಾಪುರ ಮತ್ತು ಗೋಲ್ಕೊಂಡದ ಸೇನೆಗಳು ನುಗ್ಗಿದವು. (ಬಿಜಾಪುರದಿಂದ ಬೆಂಗಳೂರನ್ನು ಜಹಗೀರಾಗಿ ಪಡೆದಿದ್ದವನು ಶಿವಾಜಿಯ ತಂದೆ ಶಹಾಜಿ, ಧರ್ಮಯುದ್ಧದ ಕಥೆಯಲ್ಲಿ ಅವನನ್ನು ಎಲ್ಲಿ ಕೂರಿಸುತ್ತಾರೋ!) ಹೊಲಗಳು ಹಾಳಾದವು, ಹಸಿವಿಗೆ ಜನ ತಮ್ಮನ್ನೂ ಮಕ್ಕಳನ್ನೂ ಮಾರಿಕೊಂಡರು. 1646ರ ಒಂದೇ ವರ್ಷದಲ್ಲಿ ಕಂಪನಿಯು ಈ ಕರಾವಳಿಯಿಂದ ಬಟಾವಿಯಾಕ್ಕೆ ಸಾಗಿಸಿದ ಗುಲಾಮರು ಎರಡು ಸಾವಿರಕ್ಕೂ ಹೆಚ್ಚು.

ಒಡೆದ ರಾಜ್ಯದಿಂದ ಲಾಭ ಪಡೆಯುವುದು ಕಂಪನಿಗೆ ಕರಗತವಾಯಿತು. ಜಾವಾದ ಮಾತರಂ ರಾಜ್ಯವನ್ನು ದಾಯಾದಿ ಕಲಹದ ಕೊನೆಗೆ, 1755ರ ಗಿಯಾಂತಿ ಒಪ್ಪಂದದಲ್ಲಿ, ಅದು ತಾನೇ ಮುಂದೆ ನಿಂತು ಎರಡು ಪಾಲು ಮಾಡಿಸಿತು.

ಕಂಪನಿಯ ಕಾಗದಪತ್ರಗಳಿರುವುದು ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿ. 2022ರ ಡಿಸೆಂಬರ್ 19ರಂದು ಪ್ರಧಾನಿ ಮಾರ್ಕ್ ರುಟ್ಟೆ ಗುಲಾಮಗಿರಿಗಾಗಿ ಕ್ಷಮೆ ಕೇಳಿದ್ದು ಅದೇ ಕಟ್ಟಡದಲ್ಲಿ. ಅಟ್ಲಾಂಟಿಕ್ ವ್ಯಾಪಾರದ ಜೊತೆಗೆ, ಕಂಪನಿಯ ಆಡಳಿತವಿದ್ದ ಏಷ್ಯಾದ ಪ್ರದೇಶಗಳಲ್ಲಿ ಮಾರಾಟವಾದ ಲಕ್ಷಾಂತರ ಜನರನ್ನೂ ಅವರು ಹೆಸರಿಸಿದರು. ಸುರಿನಾಮಿ ಮೂಲದವರು ಈ ಕ್ಷಮೆಗಾಗಿ ವರ್ಷಗಟ್ಟಲೆ ಹೋರಾಡಿದ್ದರು. ಅದರ ದಿನಾಂಕದ ಬಗ್ಗೆ, ಮಾತುಗಳ ಬಗ್ಗೆ ಜಗಳವಾಡಿದರು. ವಿಜಯನಗರಕ್ಕಾಗಿ ಕಣ್ಣೀರಿಡುವ ವಲಸಿಗರಿಗೆ ಮಾತ್ರ ಅಲ್ಲಿ ತಮಗೆ ಸಂಬಂಧಿಸಿದ್ದೇನೂ ಕಾಣಲಿಲ್ಲ. ಹಡಗೇರಿದವರು ಬಹುಪಾಲು ತಮಿಳರು, ತೆಲುಗರು ಎಂಬ ಸಮಾಧಾನ ಇರಬಹುದು. ಆದರೆ ಸಾಮ್ರಾಜ್ಯದ ನಕ್ಷೆಯನ್ನು ಪೂರ್ವ ಸಮುದ್ರದವರೆಗೂ ಚಾಚಿ ‘ನಮ್ಮದು’ ಎನ್ನುವವರು, ಅದೇ ಸಮುದ್ರದ ದಂಡೆಯಲ್ಲಿ ಮಾರಾಟವಾದವರನ್ನು ‘ನಮ್ಮವರು’ ಎನ್ನಲು ಯಾಕೆ ಹಿಂಜರಿಯುತ್ತಾರೆ? ಆ ಕಡತಗಳನ್ನು ಯಾರು ಬೇಕಾದರೂ ತರಿಸಿ ಓದಬಹುದು. ಆಮ್‌ಸ್ಟರ್‌ಡ್ಯಾಮಿನಿಂದ ಹೇಗ್‌ಗೆ ರೈಲಿನಲ್ಲಿ ಒಂದು ಗಂಟೆಯ ದಾರಿ.