ಮಾಡಿನ ಸದ್ದನ್ನು ಕಡೆಗಣಿಸಬೇಡಿ

ಕೆಲವು ವರ್ಷಗಳ ಹಿಂದಿನ ಮಾತು. ಜುಲೈ ತಿಂಗಳ ಒಂದು ಬೆಳಗ್ಗೆ ನನ್ನ ತರಗತಿಗೆ ಇಬ್ಬರು ಅಕ್ಕತಂಗಿಯರು ಬರಲಿಲ್ಲ. ಮಳೆಗಾಲದಲ್ಲಿ ಕೊಡಗಿನ ಮಕ್ಕಳು ಒಂದೆರಡು ದಿನ ಮದ್ರಸಾ ತಪ್ಪಿಸುವುದು ಹೊಸತಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ರಾತ್ರಿಯ ಗಾಳಿಗೆ ಅವರ ಮನೆಯ ಮಾಡು ಹಾರಿಹೋಗಿದೆ.

ನಾನು ಹೋದಾಗ ಆ ಮಕ್ಕಳ ತಾಯಿ ನೆನೆದ ಹೊದಿಕೆಗಳನ್ನು ಹಿಂಡುತ್ತಾ ನಿಂತಿದ್ದರು. ಗಂಡ ಗಲ್ಫ್‌ನಲ್ಲಿದ್ದಾರೆ. ಅವರು ಕಳುಹಿಸಿದ ಹಣದಲ್ಲಿ ಹಳೆಯ ಹೆಂಚು ತೆಗೆಸಿ ಬಣ್ಣದ ಶೀಟು ಹಾಕಿಸಿ ಎರಡು ವರ್ಷವೂ ಆಗಿರಲಿಲ್ಲ. ಯಾರಿಗೂ ಗಾಯವಾಗಿರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಆ ತಾಯಿ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಒಂದು ತಿಂಗಳಿನಿಂದ ಗಾಳಿ ಬೀಸಿದಾಗಲೆಲ್ಲ ಜಗಲಿಯ ಕಡೆ ಟಕಟಕ ಎನ್ನುತ್ತಿತ್ತು. ಹೇಳಿದರೆ, ಶೀಟಿನ ಮನೆಯಲ್ಲಿ ಸದ್ದು ಇದ್ದದ್ದೇ ಎಂದರು. ನಾನೂ ಸುಮ್ಮನಾದೆ."

ಮನೆಯ ಕೆಳಗಿನ ಕಾಫಿ ತೋಟದಲ್ಲಿ ಶೀಟುಗಳು ಬಿದ್ದಿದ್ದವು. ಹತ್ತಿರ ಹೋಗಿ ನೋಡಿದರೆ ಆಶ್ಚರ್ಯ. ಹೆಚ್ಚಿನ ಶೀಟುಗಳು ಹರಿದಿರಲಿಲ್ಲ, ಸ್ಕ್ರೂಗಳೂ ಕಿತ್ತಿರಲಿಲ್ಲ. ಶೀಟು ಕೂರಿಸಿದ ಕಬ್ಬಿಣದ ಪೈಪುಗಳೇ ಗೋಡೆಯಿಂದ ಎದ್ದು ಶೀಟಿನ ಜೊತೆಗೆ ಹೋಗಿದ್ದವು. ಪೈಪಿನ ತುದಿಗಳನ್ನು ಗೋಡೆಯ ಮೇಲಿಟ್ಟು ಒಂದು ಹಿಡಿ ಸಿಮೆಂಟ್ ಮೆತ್ತಿದ್ದರು, ಅಷ್ಟೇ. ತಾಯಿ ಕೇಳಿದ ಟಕಟಕ ಸದ್ದು ಸಿಮೆಂಟ್ ಬಿಟ್ಟ ಪೈಪು ಗೋಡೆಗೆ ಬಡಿಯುತ್ತಿದ್ದ ಸದ್ದಾಗಿತ್ತು.

ಸಹೋದರಿಯರೇ, 2018 ಮತ್ತು 2019ರ ಆಗಸ್ಟ್ ತಿಂಗಳನ್ನು ಕೊಡಗಿನವರು ಮರೆಯಲಾರರು. ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜರಿದದ್ದು, ನೆಲ್ಯಹುದಿಕೇರಿ, ಕರಡಿಗೋಡಿನಲ್ಲಿ ಕಾವೇರಿ ಮನೆಯೊಳಗೆ ಬಂದದ್ದು ಕಣ್ಣೆದುರಿಗಿದೆ. ಅಂದಿನಿಂದ ಮಳೆಗಾಲವೆಂದರೆ ಗುಡ್ಡ ಮತ್ತು ನೀರಿನ ಭಯ. ಗಾಳಿಯನ್ನು ನಾವು ಅಷ್ಟು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಬೆಟ್ಟದ ಸಾಲಿನಿಂದ ನುಗ್ಗುವ ಗಾಳಿ ಶೀಟು ಹಾರಿಸದ ವರ್ಷ ಯಾವುದಿದೆ?

ಹಿಂದೆ ನಮ್ಮಲ್ಲಿ ಈ ಚಿಂತೆ ಕಡಿಮೆ ಇತ್ತು. 1860ರ ದಶಕದಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ಘಟ್ಟ ಹತ್ತಿ ನಮ್ಮ ಮನೆಗಳಿಗೂ ಬಂತು. ಹತ್ತಡಿ ಉದ್ದ ಹತ್ತಡಿ ಅಗಲದ ಮಾಡಿಗೆ ಹಾಕುವ ಹೆಂಚಿನ ಭಾರ 300 ಕಿಲೋ ದಾಟುತ್ತದೆ. ಬಿರುಗಾಳಿಗೆ ಹತ್ತಿಪ್ಪತ್ತು ಹೆಂಚು ಜಾರಬಹುದು, ಇಡೀ ಮಾಡು ಏಳುವುದು ಅಪರೂಪ. ಈಗ ಹೆಂಚನ್ನು ಮಂಗ ಒಡೆಯುತ್ತದೆ, ಮೋಪು ದುಬಾರಿ, ಕೆಲಸದವರು ಸಿಗುವುದಿಲ್ಲ. ತಾರಸಿ ಹಾಕಿದರೂ ಮಡಿಕೇರಿಯ ಮಳೆಗೆ ಸೋರುತ್ತದೆಂದು ಅದರ ಮೇಲೂ ಶೀಟು ಏರಿಸುತ್ತೇವೆ. ತಪ್ಪೇನಿಲ್ಲ. ಆದರೆ ಅರ್ಧ ಮಿಲಿಮೀಟರ್ ದಪ್ಪದ ಶೀಟು ಅಷ್ಟೇ ಜಾಗಕ್ಕೆ 50 ಕಿಲೋ ಕೂಡ ತೂಗುವುದಿಲ್ಲ. ಹೆಂಚಿನ ಮಾಡು ತನ್ನ ಭಾರದಿಂದ ಕೂತಿರುತ್ತದೆ, ಶೀಟಿನ ಮಾಡು ನಾವು ಕಟ್ಟಿದ ಕಟ್ಟಿನಿಂದ ಮಾತ್ರ ಕೂತಿರುತ್ತದೆ.

ಗಾಳಿ ಮಾಡನ್ನು ಒತ್ತುತ್ತದೆ ಎಂದು ನಾವು ಭಾವಿಸುತ್ತೇವೆ. ಹೆಚ್ಚಾಗಿ ಅದು ಮೇಲಕ್ಕೆ ಎಳೆಯುತ್ತದೆ. ಮಾಡನ್ನು ದಾಟಿ ವೇಗವಾಗಿ ಹೋಗುವ ಗಾಳಿ ನೆತ್ತಿಯ ಬಳಿ, ಅಂಚು ಮೂಲೆಗಳಲ್ಲಿ ಶೀಟನ್ನು ಹೀರಿದಂತೆ ಎತ್ತುತ್ತದೆ. ಜಗಲಿಯ ಅಡಿಯಿಂದ, ತೆರೆದ ಕಿಟಕಿಯಿಂದ ಒಳನುಗ್ಗಿದ ಗಾಳಿ ಕೆಳಗಿನಿಂದ ನೂಕುತ್ತದೆ. ರಸ್ತೆಯಲ್ಲಿ ಕೊಡೆ ಮಗುಚುವುದು ಹೀಗೆಯೇ ಅಲ್ಲವೇ? ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ.

ಚಂಡಮಾರುತದ ನಾಡುಗಳು ಇದನ್ನು ಕಷ್ಟಪಟ್ಟು ಕಲಿತಿವೆ. 1974ರ ಡಿಸೆಂಬರ್ 25ರ ನಸುಕಿನಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ನಗರಕ್ಕೆ ಟ್ರೇಸಿ ಎಂಬ ಚಂಡಮಾರುತ ಅಪ್ಪಳಿಸಿತು. ಸುಮಾರು 70 ಶೇಕಡಾ ಮನೆಗಳು ನಾಶವಾದವು ಅಥವಾ ತೀವ್ರವಾಗಿ ಹಾನಿಗೊಂಡವು. ಅಲ್ಲಿನ ಮಾಡುಗಳೂ ಹೆಚ್ಚಾಗಿ ಲೋಹದ ಶೀಟಿನವೇ. ಇಂಜಿನಿಯರರು ಪರೀಕ್ಷಿಸಿದಾಗ ಅನೇಕ ಶೀಟುಗಳು ಸ್ಕ್ರೂವಿನ ಸುತ್ತಲೇ ಸೀಳಿದ್ದವು. ಒಂದೇ ಏಟಿಗೆ ಆದದ್ದಲ್ಲ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಕೊನೆಗೆ ತುಂಡಾಗುವಂತೆ, ಗಾಳಿ ಸಾವಿರಾರು ಸಲ ಎಳೆದು ಬಿಟ್ಟು ಶೀಟನ್ನು ದಣಿಸಿತ್ತು. ಆ ಬಳಿಕ ಅಲ್ಲಿ ಮನೆ ಕಟ್ಟುವ ನಿಯಮಗಳೇ ಬದಲಾದವು. ನಮ್ಮಲ್ಲಿ ಅಂಥ ಚಂಡಮಾರುತವಿಲ್ಲ. ಆದರೆ ಸಡಿಲ ಶೀಟಿಗೆ ಮೂರು ತಿಂಗಳ ಮುಂಗಾರಿನ ಗಾಳಿಯೂ ಸಾಕು.

ಆದ್ದರಿಂದ ಶೀಟು ಹಾಕಿಸುವಾಗ ಬಣ್ಣ ಮತ್ತು ಕಂಪೆನಿ ಕೇಳುವುದಷ್ಟೇ ಸಾಲದು. ಮಾಡು ಒಂದು ಸರಪಳಿ. ಶೀಟು ಅಡ್ಡಪೈಪಿಗೆ, ಅಡ್ಡಪೈಪು ಪಕ್ಕಾಸಿಗೆ, ಪಕ್ಕಾಸು ಗೋಡೆಗೆ. ಒಂದು ಕೊಂಡಿ ಸಡಿಲವಾದರೂ ಉಳಿದ ಖರ್ಚೆಲ್ಲ ದಂಡ. ಗೋಡೆಯ ಮೇಲೆ ಸುತ್ತಲೂ ಕಾಂಕ್ರೀಟ್ ಬೆಲ್ಟ್ ಹಾಕಿಸಿ, ಅದರೊಳಗೆ ಹೂತ ಕಬ್ಬಿಣದ ಸರಳು ಅಥವಾ ಪಟ್ಟಿಗೆ ಪಕ್ಕಾಸನ್ನು ಬೋಲ್ಟ್ ಮಾಡಿಸಿ. ಅಂಚು, ಮೂಲೆ ಮತ್ತು ನೆತ್ತಿಯಲ್ಲಿ ನಡುವಿಗಿಂತ ಹತ್ತಿರ ಹತ್ತಿರ ಸ್ಕ್ರೂ ಇರಲಿ. ಸೂರು ಗೋಡೆಯಿಂದ ಒಂದೂವರೆ ಅಡಿಗಿಂತ ಹೆಚ್ಚು ಚಾಚದಿರಲಿ. ಓರೆ ಮಳೆಗೆ ಇನ್ನೂ ಬೇಕೆಂದರೆ ಜಗಲಿಗೆ ಬೇರೆಯೇ ಮಾಡು ಮಾಡಿಸಿ. ಜಗಲಿಯದು ಹೋದರೂ ಮಕ್ಕಳು ಮಲಗುವ ಕೋಣೆಯದು ಉಳಿಯುತ್ತದೆ. ಹಳೆಯ ಮನೆಗಳಂತೆ ನಾಲ್ಕೂ ಕಡೆ ಇಳಿಜಾರಾದ ಮಾಡು ಎರಡು ಇಳಿಜಾರಿನದಕ್ಕಿಂತ ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ.

ಈಗಾಗಲೇ ಶೀಟು ಹಾಕಿದ ಮನೆಯವರು ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ ಕೆಲಸದವರನ್ನು ಮೇಲೆ ಹತ್ತಿಸಿ. ಸ್ಕ್ರೂವಿನ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಬಿರಿದಿರುತ್ತದೆ. ತುಕ್ಕು ಹಿಡಿದ ಸ್ಕ್ರೂ ಬದಲಿಸಿ. ಗಾಳಿಗೆ ಆಗುತ್ತದೆಂದು ಮಾಡಿನ ಮೇಲೆ ಕಲ್ಲು, ಹಳೆಯ ಟೈರ್ ಹೇರಬೇಡಿ. ಶೀಟು ಎದ್ದರೆ ಅವು ತಲೆಯ ಮೇಲೆಯೇ ಬೀಳುತ್ತವೆ. ಗಾಳಿ ಜೋರಾದ ರಾತ್ರಿ ಗಾಳಿ ಬರುವ ದಿಕ್ಕಿನ ಕಿಟಕಿ ಬಾಗಿಲು ಮುಚ್ಚಿ. ಶೀಟು ಬಡಿಯತೊಡಗಿದರೆ ಯಾರನ್ನೂ ಮೇಲೆ ಹತ್ತಿಸದೆ, ಮೈನ್ ಸ್ವಿಚ್ ಆರಿಸಿ, ಮಕ್ಕಳನ್ನು ತಾರಸಿಯಿರುವ ಕೋಣೆಗೋ ಒಳಗೋಡೆಯ ಬದಿಗೋ ಕರೆದೊಯ್ಯಿರಿ.

ಅಂದು ನೆರೆಯವರು ಎಲ್ಲವೂ ಅಲ್ಲಾಹನ ಇಚ್ಛೆ ಎಂದು ಆ ತಾಯಿಯನ್ನು ಸಮಾಧಾನಪಡಿಸಿದರು. ಅದು ನಿಜವೇ. ಆದರೆ ಕಟ್ಟಬೇಕಾದುದನ್ನು ಕಟ್ಟದೆ ಬಿಡುವುದು ತವಕ್ಕುಲ್ ಅಲ್ಲ. ಮಾಡಿನ ಕೆಲಸ ಗಂಡಸರದು ಎಂದು ನಾವು ಸುಮ್ಮನಿರುತ್ತೇವೆ. ಹಣ ಕಳುಹಿಸುವವರು ದೂರದಲ್ಲಿರುತ್ತಾರೆ, ಕೆಲಸ ಮಾಡಿದವರು ಹಣ ಪಡೆದು ಹೋಗಿರುತ್ತಾರೆ. ಗಾಳಿಯ ರಾತ್ರಿ ಆ ಮಾಡಿನ ಕೆಳಗೆ ಮಕ್ಕಳನ್ನು ಮಲಗಿಸಿಕೊಂಡಿರುವವರು ನಾವು. ಸದ್ದು ಮೊದಲು ಕೇಳುವುದೂ ನಮಗೇ.

ಆ ಮನೆಗೆ ಮತ್ತೆ ಶೀಟು ಹಾಕುವ ದಿನ ಆ ತಾಯಿ ಅಂಗಳದಲ್ಲೇ ನಿಂತಿದ್ದರು. ಎರಡು ಬೋಲ್ಟ್ ಹಾಕದೆ ಕೆಲಸದವನು ಇಳಿದಾಗ, "ಮೊದಲು ಅದನ್ನು ಹಾಕಿ, ಆಮೇಲೆ ಚಹಾ" ಎಂದರಂತೆ. ಆ ನಂತರದ ಮಳೆಗಾಲಗಳಲ್ಲಿ ಅವರ ಮಕ್ಕಳು ಗಾಳಿಯ ಕಾರಣಕ್ಕೆ ಮದ್ರಸಾ ತಪ್ಪಿಸಿಲ್ಲ.